ಬೆಟ್ಟಯ್ಯನ ಇಂಟರ್‌ನ್ಯಾಷನಲ್ ಪರ್ಮಿಟ್ಟು

ಕೊಲಂಬೊದ ಬಾಡಿಗೆ ಕಾರಿನವನು ಬೆಳಿಗ್ಗೆ ಫೋನ್ ಮಾಡಿ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇದೆ ತಾನೆ ಎಂದು ಕೇಳಿದಾಗ ಬೆಟ್ಟಯ್ಯ ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದ; ಅಂಥದ್ದು ಅವನ ಬಳಿ ಇರಲೇ ಇಲ್ಲ. ನಾಳೆಯೇ ವಿಮಾನ! ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನಿಗೆ ಒಂದೇ ಆಸೆ. ಕಂಡಕ್ಟರಿಲ್ಲದೆ, ಪ್ಯಾಸೆಂಜರಿಲ್ಲದೆ, ಪುಟ್ಟ ಕಾರಿನಲ್ಲಿ ಹೆಂಡತಿ ಅಕ್ಕಯ್ಯಮ್ಮನ ಜೊತೆ ಕಡಲ ದಂಡೆಯಲ್ಲಿ ಹೋಗಬೇಕು.

ಸುದ್ದಿ ಕುರುಬರಹಳ್ಳಿಯ ಅವನ ಬೀದಿಗೆಲ್ಲ ಹರಡಲು ಐದು ನಿಮಿಷ ಸಾಕಾಯಿತು. "ಸುಮ್ನಿರಿ ಬೆಟ್ಟಣ್ಣ, ನಾವಿಲ್ವಾ?" ಎಂದು ಪಕ್ಕದ ಮನೆಯ ಶಿವಕ್ಕ ಚಪ್ಪಲಿ ಮೆಟ್ಟಿದಳು. ಜೆರಾಕ್ಸ್ ಅಂಗಡಿಯ ಈರಪ್ಪ ಇದ್ದಬದ್ದ ಕಾಗದಗಳನ್ನೆಲ್ಲ ಜೆರಾಕ್ಸ್ ಮಾಡಿ, ಶಟರ್ ಎಳೆದು ಆಟೊ ಕರೆದ.

ಆರ್‌ಟಿಓ ಕಚೇರಿಯಲ್ಲಿ ಮೊದಲ ತಕರಾರು ಫೋಟೊದ್ದು. ಬಿಳಿ ಹಿನ್ನೆಲೆ, ಮೇಲೆ ಬಿಳಿ ಅಂಗಿ. ಗೋಡೆಗೆ ಮೊಳೆ ಹೊಡೆದು ತಲೆಯೊಂದನ್ನೇ ನೇತುಹಾಕಿದಂತಿತ್ತು.

"ಬಾಡಿ ಎಲ್ರೀ?" ಎಂದ ಗುಮಾಸ್ತ.

ಈರಪ್ಪ ತನ್ನ ನೀಲಿ ಅಂಗಿ ಬಿಚ್ಚಿ ಬೆಟ್ಟಯ್ಯನಿಗೆ ತೊಡಿಸಿ, ತಾನು ಬನಿಯನ್ನಿನಲ್ಲೇ ಅವನನ್ನು ಸ್ಟುಡಿಯೊಗೆ ಎಳೆದುಕೊಂಡು ಓಡಿದ.

ಆಮೇಲೆ ಹೆಸರು. ಲೈಸೆನ್ಸಿನಲ್ಲಿ ಬೆಟ್ಟಯ್ಯ, ಪಾಸ್‌ಪೋರ್ಟಿನಲ್ಲಿ ಬೆಟ್ಟಯ್ಯ ಕೆಂಚಪ್ಪ.

"ಕೆಂಚಪ್ಪ ಯಾರು?"

"ನಮ್ಮಪ್ಪ, ಸಾರ್."

"ಅವ್ರೂ ಹೋಗ್ತಿದಾರಾ?"

"ಅವ್ರು ಹೋಗಿ ಇಪ್ಪತ್ತು ವರ್ಷ ಆಯ್ತು ಸಾರ್!"

ಶಿವಕ್ಕ ಮೇಜಿಗೆ ಕೈಯೂರಿದಳು. "ಸ್ವಾಮಿ, ಈಯಪ್ಪ ಸ್ಟಾಪು ಬಿಟ್ಟು ಮುಂದೆ ಇಳಿಸ್ದಾಗೆಲ್ಲ ಇವ್ರ ಹೆಸ್ರು, ಇವ್ರಪ್ಪನ ಹೆಸ್ರು ಸೇರ್ಸೇ ಬೈದಿದೀನಿ. ಎರಡೂ ಇವ್ರೇ!"

ಗುಮಾಸ್ತ ನಕ್ಕ. ಆದರೂ ಅಫಿಡವಿಟ್ ಬೇಕೆಂದ. ನೋಟರಿ ಊಟಕ್ಕೆ ಹೋಗಿದ್ದರು. ಶಿವಕ್ಕ ಹೋಟೆಲಿಗೇ ನುಗ್ಗಿ, ಅವರು ಕೈ ತೊಳೆಯುವಷ್ಟರಲ್ಲಿ ಮೊಹರು ಹಾಕಿಸಿಕೊಂಡು ಬಂದಳು.

ಸಂಜೆ ಐದಕ್ಕೆ ಪರ್ಮಿಟ್ ಕೈಸೇರಿತು. "ಕಾರೊಂದೇ ಅಲ್ಲ, ದೊಡ್ಡ ಗಾಡಿನೂ ಓಡಿಸ್ಬೋದು," ಎಂದ ಗುಮಾಸ್ತ. ಬೆಟ್ಟಯ್ಯ ಕುಸ್ತಿ ಗೆದ್ದ ಪೈಲ್ವಾನನಂತೆ ಅದನ್ನು ತಲೆಯ ಮೇಲೆತ್ತಿ ಹಿಡಿದೇ ಬೀದಿಗೆ ಬಂದ. ಪಟಾಕಿ ಸಿಡಿಯಿತು. ಹಾರ ಬಿತ್ತು. ಬಾಯಿಗೆ ಮೈಸೂರುಪಾಕು ತುರುಕಿದರು. ಅವನ ಕಣ್ಣು ತುಂಬಿ ಬಂತು.

"ನಿಮ್ಗೆಲ್ಲ ನಾನೇನು ಮಾಡ್ಲಿ ಹೇಳಿ!"

"ಜಾಸ್ತಿ ಏನಿಲ್ಲ," ಎಂದು ಈರಪ್ಪ ಮೊಬೈಲ್ ಮುಂದೆ ಹಿಡಿದ. "ಬೀದೀಲಿ ಪಾಸ್‌ಪೋರ್ಟ್ ಇರೋ ಒಂಬತ್ತು ಜನ ನಿಮ್ಮ ವಿಮಾನಕ್ಕೇ ಟಿಕೆಟ್ ತಗೊಂಡ್ವಿ. ಕೊಲಂಬೊದವ್ನಿಗೆ ಹೇಳಿ ಆ ಚಿಕ್ಕ ಕಾರು ಕ್ಯಾನ್ಸಲ್ ಮಾಡ್ಸಿ, ಹನ್ನೆರಡು ಸೀಟಿನ ವ್ಯಾನ್ ಹಿಡಿದಿದೀನಿ. ಡ್ರೈವರ್ ಬೇಡ, ನಮ್ಮವ್ರೇ ಇದಾರೆ ಅಂದೆ."

ಬೆಟ್ಟಯ್ಯ ಗಾಬರಿಯಿಂದ ಹೆಂಡತಿಯತ್ತ ತಿರುಗಿದ. ಅಕ್ಕಯ್ಯಮ್ಮ ಆಗಲೇ ಶಿವಕ್ಕನ ಕೈ ಹಿಡಿದುಕೊಂಡಿದ್ದಳು.

"ನಾವಿಬ್ರೂ ಹಿಂದಿನ ಸೀಟಲ್ಲಿ ಕೂರೋಣ ಕಣೇ, ಮಾತಾಡ್ಕೊಂಡು ಹೋಗ್ಬೋದು!"