ಹತ್ತು ನಿಮಿಷದ ಕರೆಂಟು

ಪ್ರಶ್ನೆ ಕೇಳುವವರಿಗಿಂತ ಪ್ರಶ್ನೆಯನ್ನು ಅಚ್ಚು ಹಾಕಿಸಿ ಕೈಗೆ ಕೊಡುವವರನ್ನು ಕಂಡರೆ ನನಗೆ ಹೆಚ್ಚು ಭಯ. ಬಾಯಲ್ಲಿ ಕೇಳಿದರೆ ಮಾತು ಹಾರಿಸಬಹುದು. ಕಾಗದದ ಮೇಲಿನ ಚೌಕದ ಮುಂದೆ ಆ ಆಟ ನಡೆಯುವುದಿಲ್ಲ. ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಾನೊಬ್ಬನೇ ನಡೆಸುವ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಮೊನ್ನೆ ಕಾಲೇಜಿನ ಹುಡುಗಿಯೊಬ್ಬಳು ಇಂಥ ಆರು ಹಾಳೆ ತಂದುಕೊಟ್ಟಳು. ನಾವೆಲ್ಲ ಚಿಕಿತ್ಸೆಯನ್ನು ಸಂಶೋಧನೆಯ ಆಧಾರದ ಮೇಲೆ ಕೊಡುತ್ತೇವೋ, ಬರೀ ಅಭ್ಯಾಸಬಲದಿಂದ ಕೊಡುತ್ತೇವೋ ಎಂದು ಅಳೆಯುವುದು ಅವಳ ಅಧ್ಯಯನವಂತೆ. "ನಿಜಾನೇ ಬರೀರಿ ಸಾರ್" ಎಂದು ಬೇರೆ ಹೇಳಿ ಹೋದಳು.

ಮೊದಲ ಪ್ರಶ್ನೆಗೇ ಸುಸ್ತಾದೆ. ಕಳೆದ ತಿಂಗಳು ಸಹೋದ್ಯೋಗಿಗಳೊಂದಿಗೆ ಹೊಸ ಸಂಶೋಧನೆಯ ಬಗ್ಗೆ ಎಷ್ಟು ಸಲ ಚರ್ಚಿಸಿದಿರಿ? ನನ್ನ ಕ್ಲಿನಿಕ್ಕಿನಲ್ಲಿ ಸಹೋದ್ಯೋಗಿ ಎಂದರೆ ಗೋಡೆಯ ಮೇಲಿನ ಅಸ್ಥಿಪಂಜರದ ಪಟ. ಜೊತೆಗೆ ಓದಿದ ಗೆಳೆಯನೊಬ್ಬ ಮುಳಬಾಗಿಲಿನಲ್ಲಿದ್ದಾನೆ. ಫೋನ್ ಮಾಡಿದರೆ "ಪೇಷೆಂಟ್ ಇದ್ದಾರೆ ಕಣೋ, ಆಮೇಲೆ ಮಾಡ್ತೀನಿ" ಅನ್ನುತ್ತಾನೆ. ಆ ಆಮೇಲೆ ಇನ್ನೂ ಬಂದಿಲ್ಲ. ಮದುವೆಯಾಗದೆ ನಲವತ್ತೆಂಟು ದಾಟಿದ ನನಗೆ ಮನೆಯಲ್ಲೂ ಚರ್ಚೆಗೆ ಜನವಿಲ್ಲ. 'ಒಮ್ಮೆಯೂ ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕುವಾಗ ನಿಜಕ್ಕೂ ಬೇಸರವಾಯಿತು.

ಮೂರನೇ ಹಾಳೆಯಲ್ಲಿ ನನ್ನ ಕಳ್ಳತನ ಸಿಕ್ಕಿಬಿತ್ತು. ಪ್ರಯೋಜನ ಸಾಬೀತಾಗದ ಚಿಕಿತ್ಸೆಯನ್ನು ಕೊಡುತ್ತೀರಾ? ನಮ್ಮ ಕಡೆಯವರಿಗೆ ಫಿಸಿಯೋಥೆರಪಿ ಎಂದರೆ ಕರೆಂಟು. ನೋವಿರುವ ಕಡೆ ಕರೆಂಟಿನ ಮೆಷಿನ್ನಿನ ಪ್ಯಾಡ್ ಅಂಟಿಸಿ ಜುಮುಜುಮು ಅನ್ನಿಸದಿದ್ದರೆ ಅದು ಚಿಕಿತ್ಸೆಯೇ ಅಲ್ಲ. ಹಳೆಯ ಮೊಣಕಾಲು ನೋವಿಗೆ ತೊಡೆಯ ಬಲ ಹೆಚ್ಚಿಸುವ ವ್ಯಾಯಾಮವೇ ಮುಖ್ಯವೆಂದು ನನಗೆ ಚೆನ್ನಾಗಿ ಗೊತ್ತು. ಆದರೆ ವ್ಯಾಯಾಮ ಕಲಿತವರು ಮನೆಗೆ ಹೋಗಿಬಿಡುತ್ತಾರೆ! ಕರೆಂಟಿನವರು ಹತ್ತು ನಿಮಿಷ ಎದ್ದು ಹೋಗುವಂತಿಲ್ಲ. ಅಷ್ಟು ಹೊತ್ತು ನನ್ನೊಡನೆ ಮಾತಾಡಲೇಬೇಕು. ಯಲ್ದೂರು ಕಡೆಯ ವೆಂಕಟಮ್ಮನಂತೂ ಆರು ತಿಂಗಳಿಂದ ಪ್ರತಿ ಮಂಗಳವಾರ ಬಸ್ ಹತ್ತಿ ಬಂದು, ಕಾಲು ಚಾಚಿ ಕೂತು, ಹಸು, ಸೊಸೆ, ಮಾವಿನ ತೋಟ ಎಲ್ಲದರ ವರದಿ ಒಪ್ಪಿಸುತ್ತಾರೆ. ನಾನು ಮೆಷಿನ್ನಿನ ಹತ್ತು ನಿಮಿಷವನ್ನು ಗುಟ್ಟಾಗಿ ಇಪ್ಪತ್ತಕ್ಕೆ ತಿರುಗಿಸಿ ಕೇಳುತ್ತಾ ಕೂರುತ್ತೇನೆ. ಪಾಪ, ವಯಸ್ಸಾದವರನ್ನು ನನ್ನ ಸ್ವಾರ್ಥಕ್ಕೆ ಅಷ್ಟು ದೂರದಿಂದ ಓಡಾಡಿಸುತ್ತಿದ್ದೇನಲ್ಲ ಎಂದು ಮನಸ್ಸು ಚುಚ್ಚಿತು. ಆ ಮಂಗಳವಾರ ಅವರು ಬಂದು ಕೂತದ್ದೇ ಧೈರ್ಯ ಮಾಡಿ ಹೇಳಿಬಿಟ್ಟೆ.

"ವೆಂಕಟಮ್ಮನೋರೇ, ಇನ್ನು ಕರೆಂಟ್ ಬೇಡ. ಕಲಿಸಿರೋ ವ್ಯಾಯಾಮ ಮನೇಲೇ ಮಾಡಿ, ಸಾಕು."

"ದಿನಾ ಮಾಡ್ತಾನೇ ಇದೀನಲ್ಲ ನಾಯ್ನಾ. ಕಾಲು ನೋವು ಹೋಗಿ ಎರಡು ತಿಂಗಳಾಯ್ತು."

"ಮತ್ತೆ ಯಾಕ್ ಬರ್ತೀರಾ?"

"ನೀನೊಬ್ನೇ ಬಾಗಿಲು ನೋಡ್ಕೊಂಡ್ ಕುಂತಿರ್ತೀಯ. ನೋಡಕ್ಕಾಗಲ್ಲಪ್ಪ. ಊಂ, ಬೇಗ ಅಂಟ್ಸು, ಬಸ್ಸಿಗೆ ಹೊತ್ತಾಯ್ತದೆ."

ನನಗೆ ಅವಮಾನವೂ ಆಯಿತು, ಅಳುವೂ ಬಂತು. ಎರಡನ್ನೂ ವೈರುಗಳ ಸಿಕ್ಕು ಬಿಡಿಸುವ ನೆಪದಲ್ಲಿ ಮುಚ್ಚಿಕೊಂಡು, ನೋವಿಲ್ಲದ ಮೊಣಕಾಲಿಗೆ ಶಾಸ್ತ್ರೋಕ್ತವಾಗಿ ಪ್ಯಾಡ್ ಅಂಟಿಸಿದೆ.

ಉಳಿದದ್ದು ಕೊನೆಯ ಪ್ರಶ್ನೆ: ಅಂಥ ಚಿಕಿತ್ಸೆಯನ್ನು ಮುಂದುವರಿಸಲು ಕಾರಣವೇನು? ಸಮಯದ ಅಭಾವ, ತರಬೇತಿಯ ಕೊರತೆ, ರೋಗಿಯ ಒತ್ತಾಯ ಎಂದು ಮೂರು ಚೌಕಗಳಿದ್ದವು. ಮೂರನೆಯದಕ್ಕೆ ಗುರುತು ಹಾಕಿದೆ. ಹಾಳೆ ಒಯ್ಯಲು ಬಂದ ಹುಡುಗಿ ಅದನ್ನು ನೋಡಿ, "ಪೇಷೆಂಟ್‌ಗಳು ಮಾತೇ ಕೇಳಲ್ಲ ಅಲ್ವಾ ಸಾರ್?" ಎಂದು ಕನಿಕರಪಟ್ಟಳು.

"ಹೌದಮ್ಮ, ಒಬ್ಬನಂತೂ ಮಹಾ ಹಠಮಾರಿ" ಎಂದೆ. ಅವನಿಗೆ ಮುಂದಿನ ಮಂಗಳವಾರವೂ ವೆಂಕಟಮ್ಮನ ಹತ್ತಿರ ಅಪಾಯಿಂಟ್‌ಮೆಂಟ್ ಇದೆ ಎಂದು ಹೇಳಲಿಲ್ಲ.