ಕುರುಚಲು ಕಾಡಿನ ಕೆಳಗಿನ ಪಟ್ಟಿ

ಪಾಠ ಹೇಳುವವರಿಗೆ ಒಂದು ರೋಗವಿದೆ. ತಿಳಿಯದ್ದನ್ನು ತಿಳಿಯದು ಎನ್ನಲು ಬಾಯಿ ಬರುವುದಿಲ್ಲ. ದಾರಿಯಲ್ಲಿ ಯಾರಾದರೂ ಒಂದು ಸೊಪ್ಪು ಹಿಡಿದು ‘ಇದೇನು ಮೇಡಂ?’ ಎಂದರೆ ಸಾಕು, ಹೆಸರು ಬಾರದಿದ್ದರೂ ಅದರ ಕುಟುಂಬವನ್ನಾದರೂ ಹೇಳಿ ಗಂಭೀರವಾಗಿ ಮುಂದೆ ಹೋಗುತ್ತೇನೆ. ಹುಡುಗಿಯರ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವಳ ಈ ಚಟದಿಂದ ಯಾರಿಗೇನು ಹಾನಿ ಅಂದುಕೊಂಡಿದ್ದೆ.

ಅದು ಹೈದರಾಬಾದಿಗೆ ಸಾಫ್ಟ್‌ವೇರ್ ಕಂಪನಿಗಳು ನುಗ್ಗುತ್ತಿದ್ದ ಕಾಲ. ಊರ ಪಶ್ಚಿಮಕ್ಕೆ ಬಂಡೆಗಳ ನಡುವೆ ಎಲ್ಲಿ ನೋಡಿದರೂ ಗಾಜಿನ ಕಟ್ಟಡ. ಅಂಥದೇ ಒಂದು ಕಂಪನಿ ತಾನು ಕೊಂಡ ಕುರುಚಲು ಕಾಡಿನಲ್ಲಿ ನೆಲದ ಮೇಲೆ ಎಷ್ಟು ಬಗೆಯ ಗಿಡಗಳಿವೆ, ನೆಲದ ಕೆಳಗೆ ಎಷ್ಟು ಬಗೆಯ ಬೇರುಗೆಡ್ಡೆಗಳಿವೆ ಎಂದು ಹೋಲಿಸಿ ವರದಿ ಕೊಡಲು ನಮ್ಮ ಕಾಲೇಜನ್ನು ಕೇಳಿತು. ಕೆಳಗೆ ಹೆಚ್ಚಿನದೇನಾದರೂ ಸಿಕ್ಕರೆ ಬಂಡೆಯ ಪಕ್ಕದ ಮೂಲೆಯನ್ನು ಕಟ್ಟದೆ ಹಾಗೇ ಬಿಡುವುದಾಗಿಯೂ ಹೇಳಿತು. ಕೆಲಸ ನನ್ನ ತಲೆಗೆ ಬಂತು. ಸುಡು ಬೇಸಿಗೆ. ಮೇಲಿನದನ್ನು ಕೊಡೆ ಹಿಡಿದುಕೊಂಡೇ ಎರಡು ದಿನದಲ್ಲಿ ಮುಗಿಸಿದೆ: ಕವಳೆ, ತಂಗಡಿ, ಬೋರೆ, ಸೀತಾಫಲ, ಹೀಗೆ.

ಅಗೆಯಲು ಬಂದವಳು ಸಿದ್ದಮ್ಮ. ರಾಯಚೂರು ಕಡೆಯವಳು, ಅಲ್ಲೇ ಹತ್ತಿರ ಗುಡಿಸಲು ಹಾಕಿಕೊಂಡು ಕಟ್ಟಡದ ಕೂಲಿ ಮಾಡುವಾಕೆ. ಮೇಸ್ತ್ರಿಯ ಜೊತೆ ನಾನು ನನ್ನ ಹರಕು ತೆಲುಗಿನಲ್ಲಿ ಒದ್ದಾಡುವುದನ್ನು ಕೇಳಿ, ‘ಕನ್ನಡದಾಗ ಹೇಳ್ರಿ ಅಕ್ಕಾರ, ನನಗ ತಿಳೀತೈತಿ’ ಎಂದು ನಕ್ಕಳು. ಧಾರವಾಡದ ನನಗೆ ಜೀವ ಬಂದಂತಾಯಿತು. ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಗುದ್ದಲಿಗೆ ಸಿಕ್ಕ ಒಂದು ಬೇರನ್ನು ತಾನು ಮೂಸಿ, ನನ್ನ ಮೂಗಿಗೂ ಹಿಡಿದಳು.

‘ಸೊಗದೇ ಬೇರ್ರಿ ಇದು. ಬಳ್ಳಿ ಒಣಗಿ ಹೋಗೈತಿ, ಮಳಿ ಬಿದ್ದ ಮ್ಯಾಲ ಏಳ್ತೈತಿ. ಅಕಾ, ಅದು ಅಡವಿ ಉಳ್ಳಾಗಡ್ಡಿ. ಈ ಮೂಲ್ಯಾಗ ಭಾಳ ಅದಾವ್ರಿ, ಬರ್ಕೋರಿ.’

ನನಗೆ ಎಲೆ ಬೇಕು, ಹೂವು ಬೇಕು. ಬರೀ ಬೇರುಗಳು ನನ್ನ ಕಣ್ಣಿಗೆ ಬಾಚಣಿಗೆಗೆ ಸುತ್ತಿಕೊಂಡ ಕೂದಲು. ಹಾಗೆಂದು ಅವಳೆದುರು ಒಪ್ಪಿಕೊಳ್ಳುವುದುಂಟೇ? ‘ಮೂಸಿ ಹೆಸರು ಬರಿಯೂದು ಶಾಸ್ತ್ರ ಅಲ್ಲವ್ವಾ. ಮನ್ಯಾಗ ತೊಳದು, ಸೋಸಿ, ಎಣಿಸ್ತೀನಿ. ನೀ ಚೀಲಾ ತುಂಬು’ ಎಂದೆ. ಪಾಪ, ತುಂಬಿದಳು.

ಮಣ್ಣಿನ ಚೀಲಗಳು ಕುಷಾಯಿಗೂಡದ ನಮ್ಮ ಮನೆಯ ಬಚ್ಚಲಿಗೆ ಬಂದವು. ಬೇರು ಸೋಸುವ ಸಣ್ಣ ಜರಡಿ ಕಾಲೇಜಿನಲ್ಲಿ ಇರಲಿಲ್ಲ, ಚಹಾ ಸೋಸುವ ಜಾಲರಿ ಮನೆಯಲ್ಲಿತ್ತು. ಮರುದಿನ ಬೆಳಿಗ್ಗೆ ಫ್ಯಾಕ್ಟರಿಗೆ ಹೊರಟಿದ್ದ ನನ್ನ ಗಂಡ ಕಪ್ಪಿನಿಂದ ಒಂದು ಎಳೆಯನ್ನು ಎಳೆದು ತೆಗೆದು, ‘ಇದು ಯಾವ ಜಾತೀದು ಹೇಳು, ಉಳಿದ ಚಹಾ ಕುಡೀತೀನಿ’ ಎಂದರು. ‘ಹುಲ್ಲಿನ ಕುಟುಂಬ’ ಎಂದೆ. ಅದು ನನ್ನದೇ ಕೂದಲಾಗಿತ್ತು.

ಒಂದು ಚೀಲ ತೊಳೆಯುವಷ್ಟರಲ್ಲಿ ಸೊಂಟ ಹಿಡಿಯಿತು. ವರದಿಯ ಗಡುವು ಹತ್ತಿರ ಬಂತು. ಕೊನೆಗೆ ಮೇಲಿನ ಪಟ್ಟಿಯನ್ನೇ ಕೆಳಗಿನ ಪಟ್ಟಿಯೆಂದು ಇಳಿಸಿಬಿಟ್ಟೆ. ಮೇಲೆ ಗಿಡವಿದ್ದರೆ ಕೆಳಗೆ ಅದರದೇ ಬೇರು ತಾನೇ? ಎರಡೂ ಒಂದೇ ಆದರೆ ಅನುಮಾನ ಬಂದೀತೆಂದು, ನಿಜದ ಕಳೆ ಇರಲೆಂದು, ಮೂರು ಹೆಸರು ಹೊಡೆದುಹಾಕಿ, ‘ಕೆಳಗಿನ ವೈವಿಧ್ಯ ಮೇಲಿನದಕ್ಕಿಂತ ತುಸು ಕಡಿಮೆ’ ಎಂದು ಷರಾ ಬರೆದೆ. ಪರೀಕ್ಷೆಯಲ್ಲಿ ನಕಲು ಹೊಡೆದ ಹುಡುಗಿಯರನ್ನು ಅಳುವವರೆಗೆ ಬೈಯುವವಳು ನಾನು! ಕಂಪನಿಯವರಿಗೆ ಬಹಳ ಸಂತೋಷವಾಯಿತು.

ಉಳಿದ ಚೀಲಗಳನ್ನು ನನ್ನ ಗಂಡ ತಮ್ಮ ಗುಲಾಬಿಗೆಂದು ಕುಂಡಗಳಿಗೆ ಸುರಿದರು. ಜೂನಿನಲ್ಲಿ ಮಳೆ ಬಿತ್ತು. ಗುಲಾಬಿ ಏಳಲಿಲ್ಲ. ಎದ್ದದ್ದು ಅಡವಿ ಉಳ್ಳಾಗಡ್ಡಿ, ಸೊಗದೆ ಬಳ್ಳಿ, ನೆಲತಾಳೆ, ಗೌರಿ ಹೂವಿನ ಕುಡಿ. ಇನ್ನೆರಡಕ್ಕೆ ನಾನು ಪುಸ್ತಕ ತೆಗೆಯಬೇಕಾಯಿತು. ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ‘ಯಾರು ಹಚ್ಚಿದ್ರು ಇವನ್ನ?’ ಎಂದು ಗಂಡ ಕೇಳಿದರು. ನನಗೆ ಅಳು ಬಂತು. ಇನ್ನೂ ಸಮಯವಿದ್ದರೆ ವರದಿ ತಿದ್ದೋಣವೆಂದು ಅದೇ ದಿನ ಬಸ್ಸು ಹಿಡಿದೆ.

ಬಂಡೆಯ ಪಕ್ಕದ ಆ ಮೂಲೆ ಇರಲಿಲ್ಲ. ಪಾಯದ ದೊಡ್ಡ ಗುಂಡಿ, ಅದರೊಳಗೆ ಕಬ್ಬಿಣದ ಸಲಾಕೆಗಳು. ಸಿದ್ದಮ್ಮ ಅಲ್ಲೇ ಬುಟ್ಟಿ ಹೊರುತ್ತಿದ್ದಳು. ನನ್ನನ್ನು ಕಂಡು ಬುಟ್ಟಿ ಇಳಿಸಿ ಬಂದಳು.

‘ಅಕ್ಕಾರ, ಸಾಹೇಬ್ರು ಹೇಳಾಕತ್ತಿದ್ರು. ನೀವು ಎಲ್ಲಾ ತೊಳದು ನೋಡಿದ್ರಂತ, ಕೆಳಗ ಏನೂ ಇಲ್ಲಂತ. ನನ್ನ ಮೂಗಿಗೇನಾಗಿತ್ತೋ ಏನೋ. ಆ ಬೇರಿನ ಗುರ್ತು ನಮ್ಮವ್ವ ಕಲಿಸಿದ್ಲ್ರಿ. ಆಕಿಗೂ ತಿಳೀತಿರಲಿಲ್ಲ ಕಾಣ್ತೈತಿ, ಬಿಡ್ರಿ.’

ಕಾಡು ಹೋದದ್ದಕ್ಕಿಂತ ಆ ‘ಬಿಡ್ರಿ’ ನನ್ನನ್ನು ಹೆಚ್ಚು ಸುಟ್ಟಿತು. ‘ಸಿದ್ದಮ್ಮ, ನಾ ಎಣಿಸೇ ಇಲ್ಲ. ಸುಳ್ಳ ಬರದೆ. ನೀ ಹೇಳಿದ್ದ ಖರೆ, ನಿಮ್ಮವ್ವ ಕಲಿಸಿದ್ದೂ ಖರೆ’ ಎಂದೆ.

ಅವಳು ನನ್ನ ಮುಖವನ್ನೇ ನೋಡಿ ಮೆಲ್ಲಗೆ ನಕ್ಕಳು. ‘ನನಗ ಸಮಾಧಾನ ಆಗ್ಲಿ ಅಂತ ಹಿಂಗ ಹೇಳ್ತೀರಿ. ಓದಿದೋರು ಎಣಿಸದ ಬರೀತಾರೇನ್ರಿ?’ ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಕೂಗಿ ಕರೆದು, ಮನೆಯ ಕುಂಡಗಳಲ್ಲಿ ಎದ್ದಿರುವುದನ್ನು ಹೇಳಿ ನಂಬಿಸಬಹುದಿತ್ತು. ಕೂಗಲಿಲ್ಲ. ಅವಳು ನಂಬಲಿಲ್ಲವಲ್ಲ ಎಂದು ಆ ಗಳಿಗೆಯಲ್ಲಿ ನನಗೆ ಹಾಯೆನಿಸಿಬಿಟ್ಟಿತ್ತು.