ತದಡಿಯಲ್ಲಿ ಬಾರ್ಜ್ ತಪ್ಪಿದ್ದು

ಪ್ರಯಾಣಕ್ಕಿಂತ ಪ್ರಯಾಣದ ಲೆಕ್ಕಾಚಾರವೇ ಹೆಚ್ಚು ಸುಖವೆಂದು ನಂಬಿದವರಲ್ಲಿ ನಾನೂ ಒಬ್ಬಳು. ಲೆಕ್ಕಾಚಾರದಲ್ಲಿ ಕಾಲು ನೋಯುವುದಿಲ್ಲ, ಬಸ್ಸು ಕೆಡುವುದಿಲ್ಲ, ಜೊತೆಗೆ ಬರುತ್ತೇನೆಂದವರು ಕೈಕೊಡುವುದೂ ಇಲ್ಲ. ಎಚ್.ಡಿ. ಕೋಟೆಯಲ್ಲಿ ನಾನೂ ತಂಗಿ ಸುಶೀಲೆಯೂ ಹೊಲಿಗೆ ಅಂಗಡಿ ಇಟ್ಟುಕೊಂಡು, ಮದುವೆಯ ಗೋಜಿಲ್ಲದೆ ಹಾಯಾಗಿದ್ದವರು. ಗೋಕರ್ಣದಿಂದ ಹೊನ್ನಾವರದವರೆಗೆ ಸಮುದ್ರದ ಅಂಚಿನಲ್ಲೇ ನಡೆದುಹೋಗಬೇಕೆಂಬುದು ಅವಳ ಆಸೆ. ಕೂತಲ್ಲೇ ಇಷ್ಟು ವರ್ಷ ಮಿಷನ್ ತುಳಿದಿದ್ದೇವೆ, ಒಂದು ಸಲವಾದರೂ ಮುಂದಕ್ಕೆ ಹೋಗಬೇಡವೇ ಎಂದು ಅವಳ ವಾದ. ಅಷ್ಟರಲ್ಲಿ, ಐವತ್ತರ ಹೊಸ್ತಿಲಲ್ಲಿದ್ದ ಸುಶೀಲೆ, ಶರಟು ಹೊಲಿಸಲು ಬಂದ ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರ ವಿಧುರರೊಬ್ಬರನ್ನು ಮದುವೆಯಾಗಿ ಹೊರಟೇಹೋದಳು. ಅಳತೆ ತೆಗೆದವಳು ನಾನು, ಅದು ಬೇರೆ ಮಾತು.

ಅವಳ ಮಿಷನ್ನಿಗೆ ಬಟ್ಟೆ ಹೊದಿಸಿಟ್ಟೆ. ಯೋಜನೆಗೆ ಮಾತ್ರ ಹೊದಿಸಲು ಮನಸ್ಸು ಬರಲಿಲ್ಲ. ಮೈಸೂರಿಗೆ ಯಾವ ಬಸ್ಸು, ಅಲ್ಲಿಂದ ಕರಾವಳಿಗೆ ಯಾವುದು ಎಂದು ದಿನವೂ ವಿಚಾರಿಸುತ್ತಿದ್ದೆ. ನನ್ನನ್ನು ಕಂಡರೆ ಬಸ್ ನಿಲ್ದಾಣದ ಕಂಟ್ರೋಲರ್, "ನಿಮ್ ಸಮುದ್ರದ ಬಸ್ಸು ಇನ್ನೂ ಬಂದಿಲ್ಲ ಕಣಕ್ಕಾ" ಎಂದು ಮೊದಲೇ ಹೇಳಿಬಿಡುತ್ತಿದ್ದ. ದೊಡ್ಡ ತೊಡಕಿದ್ದದ್ದು ತದಡಿಯಲ್ಲಿ. ಅಲ್ಲಿ ಅಘನಾಶಿನಿ ನದಿ ಅಡ್ಡ ಬರುತ್ತದೆ. ಬಾರ್ಜ್ ಹತ್ತಿ ಆಚೆ ದಡ ಸೇರಿ ಮತ್ತೆ ನಡೆಯಬೇಕು. ಹೇಗೋ ಅಲ್ಲಿನ ಚಹಾದಂಗಡಿಯವರ ನಂಬರು ಸಂಪಾದಿಸಿ, ಬಾರ್ಜ್ ಹೊತ್ತಿಗೆ ಸರಿಯಾಗಿ ಬಿಡುತ್ತದೆಯೇ ಎಂದು ಕೇಳಿ ಕೇಳಿ ಪ್ರಾಣ ಹಿಂಡಿದೆ. ಕೊನೆಗೆ ಅವರು, "ಅದು ಆಚೆ ಹೋಗ್ತದೆ, ಈಚೆ ಬರ್ತದೆ. ಮತ್ತೆಲ್ಲಿಗೆ ಹೋಗ್ತದೆ ಮಾರಾಯ್ರೆ? ಮೊದಲು ನೀವು ಬನ್ನಿ" ಎಂದರು.

ಸುಶೀಲೆಗೆ ಫೋನ್ ಮಾಡಿದೆ. "ಸೊಪ್ಪು ಒಣಗ್ಸಾಕೆ ಬ್ಯಾರನ್‌ಗೆ ಏರ್ಸವ್ರೆ ಕಣಕ್ಕಾ, ಈಗ ಎಂಗ್ ಬರ್ಲಿ? ಮುಂದಿನ ತಿಂಗ್ಳು ನೋಡಾಣ ಬುಡು" ಎಂದಳು. ಮುಂದಿನ ತಿಂಗಳು ಹೊಗೆಸೊಪ್ಪಿನ ಗ್ರೇಡಿಂಗ್. ಅದರ ಮುಂದಿನ ತಿಂಗಳು ನಾನೊಬ್ಬಳೇ ಬಸ್ಸು ಹತ್ತಿದೆ.

ಒಂದೇ ಒಂದು ಬಸ್ಸೂ ತಪ್ಪಲಿಲ್ಲ. ಅದನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಜನವಿರಲಿಲ್ಲ, ಅಷ್ಟೇ. ಗೋಕರ್ಣದಲ್ಲಿ ಇಳಿದು ನಡೆಯತೊಡಗಿದೆ. ಬಲಗಡೆ ಸಮುದ್ರ, ಎಡಗಡೆ ಯಾರೂ ಇಲ್ಲ. ಅಂಗಡಿಯಲ್ಲಿ ಅವಳು ಕೂರುತ್ತಿದ್ದುದು ಎಡಗಡೆ. ಏನೋ ನೋಡಿ "ಇಲ್ನೋಡೇ" ಎಂದು ಎರಡು ಸಲ ತಿರುಗಿದೆ. ಎರಡನೆಯ ಸಲ ಬಲೆ ಬಿಡಿಸುತ್ತಿದ್ದ ಹೆಂಗಸೊಬ್ಬಳು ಪಾಪ, ಎದ್ದು ನೋಡಿದಳು.

ತದಡಿ ತಲುಪಿದಾಗ ಬಾರ್ಜ್ ಸಿದ್ಧವಾಗಿ ನಿಂತಿತ್ತು. ತಡೆಯಲಾರದೆ ಸುಶೀಲೆಗೆ ಫೋನ್ ಮಾಡಿದೆ. ಬಸ್ಸು, ಮರಳು, ಅಲೆ ಎಲ್ಲವನ್ನೂ ವರ್ಣಿಸಿ ತಲೆಯೆತ್ತುವಷ್ಟರಲ್ಲಿ ಬಾರ್ಜ್ ನದಿಯ ಮಧ್ಯದಲ್ಲಿತ್ತು. "ಅಯ್ಯೋ, ನನ್ನ ಬಾರ್ಜು!" ಎಂದೆ.

"ಓಯ್ತಾ?" ಎಂದಳು.

"ಹೋಯ್ತು."

ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ, "ಅಕ್ಕಾ, ಇಲ್ಲಿ ನಂಜೊತೆ ಕೂತ್ಕಂಡು ಮಾತಾಡೋರೇ ಇಲ್ಲ ಕಣೆ. ಇನ್ನೊಂದು ಬರಗಂಟ ಫೋನ್ ಮಡಗ್ಬೇಡ" ಎಂದಳು.

ಮಡಗಲಿಲ್ಲ. ಅತ್ತೆ ಮನೆ, ನಾದಿನಿ, ಗಂಡನ ಗೊರಕೆ ಎಲ್ಲಾ ಬಂತು. ಬಾರ್ಜೂ ತಿರುಗಿ ಬಂತು. ಜನ ಇಳಿದರು, ಜನ ಹತ್ತಿದರು. ಚಹಾದಂಗಡಿಯವರು ನನಗೆ ಕೈ ಬೀಸಿ ಬೀಸಿ ಸೋತರು.

"ಬಂತೇನಕ್ಕಾ?" ಎಂದು ಕೇಳಿದಳು ಸುಶೀಲೆ.

ದಡ ಬಿಟ್ಟು ಹೊರಡುತ್ತಿದ್ದ ಬಾರ್ಜನ್ನು ನೋಡುತ್ತಲೇ, "ಇನ್ನೂ ಇಲ್ಲ ಕಣೆ, ನೀನು ಹೇಳು" ಎಂದೆ.